ಪ್ರೊಜೆಕ್ಟರಿಗೂ ಬೀಗ ಬೇಕು

ಜಾಲಕ್ಕೆ ಸೇರಿದ ಪ್ರೊಜೆಕ್ಟರು ಬರಿಯ ದೀಪವಲ್ಲ, ಪುಟ್ಟ ಗಣಕಯಂತ್ರ. ಅದರ ಮೂಲ ಪಾಸ್‌ವರ್ಡ್ ಸಾಮಾನ್ಯವಾಗಿ ಕೈಪಿಡಿಯಲ್ಲಿಯೇ ಅಚ್ಚಾಗಿರುತ್ತದೆ. ಬದಲಿಸದಿದ್ದರೆ ಅದೇ ವೈಫೈಯಲ್ಲಿರುವ ಯಾರಾದರೂ ಪಾಠದ ನಡುವೆ ತೆರೆಯನ್ನು ವಶಪಡಿಸಿಕೊಳ್ಳಬಹುದು. ಆದುದರಿಂದ ಅಳವಡಿಸಿದ ದಿನವೇ ಪಾಸ್‌ವರ್ಡ್ ಬದಲಿಸಬೇಕು. ಅತಿಥಿಗಳ ವೈಫೈಯಿಂದ ಯಂತ್ರವನ್ನು ಬೇರ್ಪಡಿಸಬೇಕು. ತೆರೆಯ ಮೇಲೆ ಮೂಡುವ ಸಂಕೇತಸಂಖ್ಯೆಯಿಲ್ಲದೆ ಸಂಪರ್ಕ ದೊರೆಯದಂತೆ ಮಾಡಬೇಕು.

ಗಡಿಯಾಚೆಯ ಕನ್ನಡ ವಿಭಾಗಗಳಿಗೆ ಇನ್ನೊಂದು ಎಚ್ಚರಿಕೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಗಣಕಗಳಲ್ಲಿ ದೇವನಾಗರಿ ಸಹಜ. ಹಳೆಯ ‘ನುಡಿ’ ಅಕ್ಷರಗಳು ಅಪರೂಪ. ಅವಿಲ್ಲದೆಡೆ ಬಸವಣ್ಣನ ವಚನವೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಯುನಿಕೋಡಿನಲ್ಲಿ ಬರೆದು ಪಿಡಿಎಫ್ ಮಾಡಿ ಒಯ್ದರೆ ಈ ಅವಮಾನ ತಪ್ಪುತ್ತದೆ.

ಇದು ತಂತ್ರಜ್ಞರ ಕೆಲಸವೆಂದು ಕೈತೊಳೆದುಕೊಳ್ಳುವುದು ಭಾಷಾ ಅಧ್ಯಾಪಕರಿಗೆ ತರವಲ್ಲ. ತೆರೆಯ ಮೇಲೆ ಕನ್ನಡ ಕನ್ನಡವಾಗಿಯೇ ಮೂಡುವಂತೆ ನೋಡಿಕೊಳ್ಳುವ ಹೊಣೆ ಕನ್ನಡ ವಿಭಾಗದ್ದೇ.