ನುಣುಪು ತಂತಿಯೋ, ತರಿ ತಂತಿಯೋ?

ಪ್ರಶ್ನೆ: ಜಾತ್ರೆ, ಗಣಪತಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ನುಡಿಸುವ ಆರ್ಕೆಸ್ಟ್ರಾದ ಬೇಸ್ ಗಿಟಾರಿಗೆ ಫ್ಲಾಟ್‌ವೌಂಡ್ ತಂತಿಯೇ ಸರಿಯೆ?

ಕೀಬೋರ್ಡಿನವನ ಎಡಗೈಯೇ ಬೇಸ್ ಕೆಲಸವನ್ನೂ ಮುಗಿಸಿಬಿಡುವ ಈ ಕಾಲದಲ್ಲಿ ಬೇಸ್ ಗಿಟಾರ್ ಇಟ್ಟುಕೊಂಡ ರಸಮಂಜರಿ ತಂಡವೆಂದರೆ ಅದಕ್ಕೊಂದು ಹಠ ಇದೆ ಎಂದೇ ಅರ್ಥ. ಆ ಹಠದೊಳಗೇ ಇನ್ನೊಂದು ಜಗಳವಿದೆ, ತಂತಿಯದ್ದು. ಬೇಸ್ ತಂತಿಯ ನಡುವೆ ಉಕ್ಕಿನ ಎಳೆ, ಅದರ ಮೇಲೆ ಇನ್ನೊಂದು ಲೋಹದ ಸುತ್ತು. ಸುತ್ತಿದ್ದು ಗುಂಡು ತಂತಿಯಾದರೆ ರೌಂಡ್‌ವೌಂಡ್: ಬೆರಳಿಗೆ ತರಿತರಿ, ದನಿ ಖಣಖಣ. ಸುತ್ತಿದ್ದು ಚಪ್ಪಟೆ ಪಟ್ಟಿಯಾದರೆ ಫ್ಲಾಟ್‌ವೌಂಡ್: ಕೈಗೆ ನುಣುಪು, ದನಿ ಗುಂಡಗೆ. ಚಿತ್ರದುರ್ಗದ ಸುತ್ತಮುತ್ತ ನುಡಿಸುವ ಬೇಸ್ ವಾದಕರೊಬ್ಬರು ಪರವಾಗಿಯೂ, ಅದೇ ವೇದಿಕೆಗಳ ಎದುರು ಮಿಕ್ಸರ್ ಹಿಡಿದು ಕೂರುವವರೊಬ್ಬರು ವಿರೋಧವಾಗಿಯೂ ವಾದಿಸಿದ್ದಾರೆ.

ಪರ

ನಾನು ಫ್ಲಾಟ್ ಪಕ್ಷ. ಹಾಡು ಹಾಡುವವರದ್ದು, ಬೇಸ್ ಅದರ ನೆಲ ಎಂದು ನಂಬಿದವನು. ನೆಲ ಕಿರುಚಬಾರದು.

ನಮ್ಮ ವೇದಿಕೆಗಳಲ್ಲಿ ಈಗಲೂ ಜನ ಕೇಳುವ ಹಾಡುಗಳ ಪಟ್ಟಿ ತೆಗೆಯಿರಿ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಅದರಲ್ಲಿ ಇದ್ದೇ ಇರುತ್ತವೆ. ಎರಡಕ್ಕೂ ಇಳಯರಾಜ ಅವರ ಸಂಗೀತ. ಆ ಹಾಡುಗಳಲ್ಲಿ ಬೇಸ್ ತಬಲದ ಹಿಂದೆ ಡುಂ ಡುಂ ಎಂದು ಕೂರುವುದಿಲ್ಲ. ಗಾಯಕಿ ಒಂದು ದಾರಿ ಹಿಡಿದರೆ ಅದು ಕೆಳಗೆ ಇನ್ನೊಂದು ದಾರಿ ಹಿಡಿದು ನಡೆಯುತ್ತದೆ, ಪಲ್ಲವಿಗೆ ಬಂದಾಗ ಇಬ್ಬರೂ ಸೇರುತ್ತಾರೆ. ಅಂಥ ನಡಿಗೆಗೆ ಬೇಕಾದದ್ದು ಸ್ವರದ ಮೈಕಟ್ಟು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ರೌಂಡ್ ತಂತಿಯ ಮೇಲೆ ‘ಚರ್ರ್’ ಎಂದು ಬೆರಳು ಸದ್ದು ಮಾಡುತ್ತದೆ. ಫ್ಲಾಟ್ ಮೇಲೆ ಜಾರಿದ್ದು ಗೊತ್ತೇ ಆಗುವುದಿಲ್ಲ, ಸ್ವರ ಬದಲಾದದ್ದಷ್ಟೇ ಕೇಳುತ್ತದೆ. ಸುಗಮ ಸಂಗೀತದ ನಿಧಾನ ಹಾಡುಗಳಿಗಂತೂ ಇದು ವರ.

ಫ್ಲಾಟ್ ಎಂದರೆ ಹಳೇ ಕಾಲದ್ದು ಎಂದು ಹುಡುಗರು ಮೂಗು ಮುರಿಯುತ್ತಾರೆ. ಹಳೇದು ನಿಜ. 1951ರಲ್ಲಿ ಲಿಯೊ ಫೆಂಡರ್ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗ ಅದರ ಮೇಲಿದ್ದದ್ದು ಫ್ಲಾಟ್ ತಂತಿಯೇ. ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸಿಗೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್ ಹಾಕಿಕೊಂಡು, ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ತೀರ ತೆಳುವಾದದ್ದೇ 0.052 ಇಂಚು, ದಪ್ಪನೆಯದು 0.110. ತುಂಡಾಗುವವರೆಗೆ ಅವರು ತಂತಿ ಬದಲಿಸುತ್ತಿರಲಿಲ್ಲ ಎನ್ನುವುದು ಬೇಸ್ ವಾದಕರಿಗೆಲ್ಲ ಗೊತ್ತಿರುವ ಕಥೆ. ಲಾಸ್ ಏಂಜಲಿಸ್‌ನ ಸ್ಟುಡಿಯೋಗಳಲ್ಲಿ ಕ್ಯಾರೊಲ್ ಕೇ ಅದೇ ಫ್ಲಾಟ್ ಮೇಲೆ ಪಿಕ್ ಹಿಡಿದು, ತಂತಿಗೆ ಉಣ್ಣೆಬಟ್ಟೆಯ ತುಂಡು ತಾಗಿಸಿ, ಎಷ್ಟು ಚುರುಕಾದ ದನಿ ತೆಗೆದರು! ಇನ್ನು ಅಬ್ಬರದ ಸಂಗೀತಕ್ಕೆ ಫ್ಲಾಟ್ ಆಗುವುದಿಲ್ಲ ಎನ್ನುವವರು ಐರನ್ ಮೇಡನ್ ತಂಡವನ್ನು ಕೇಳಲಿ. ಕುದುರೆ ಓಡಿದಂತೆ ನುಡಿಸುವ ಸ್ಟೀವ್ ಹ್ಯಾರಿಸ್ ಬಳಸುವುದು ರೋಟೋಸೌಂಡ್ ಕಂಪನಿಯ ಫ್ಲಾಟ್‌ವೌಂಡ್.

ನಮ್ಮ ನೆಲದ ಕಿವಿಯ ಮಾತಿಗೆ ಬರುತ್ತೇನೆ. ಎಲ್ಲಮ್ಮನ ಹಾಡಿನ ಚೌಡಿಕೆ ಕೇಳಿದ್ದೀರಲ್ಲ? ಚರ್ಮದ ತಳಕ್ಕೆ ಕಟ್ಟಿದ ಒಂಟಿ ತಂತಿ, ಎಳೆದು ಬಿಟ್ಟರೆ ‘ಡುಂವ್’ ಎಂದು ಬಾಗುವ ದನಿ. ಅದರಲ್ಲಿ ಕಿಣಿಕಿಣಿ ಇಲ್ಲ, ಬಡಿತವೂ ಸ್ವರವೂ ಒಂದೇ. ಹಿರಿಯೂರಿನ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಗೆ ಊದುವ ಉದ್ದನೆಯ ಬಿದಿರ ಗಣೆಯೂ ಹಾಗೇ, ಉಸಿರು ತುಂಬಿದ ದನಿ. ಇಂಥ ವಾದ್ಯಗಳ ಜೊತೆ ಬೇಸ್ ಗಿಟಾರ್ ಇಡುವ ಆಸೆ ಯಾರಿಗಾದರೂ ಇದ್ದರೆ, ರೌಂಡ್ ತಂತಿ ಅವುಗಳ ಮೇಲೆ ತವರದ ತಗಡು ಬಡಿದಂತೆ ಕೇಳಿಸುತ್ತದೆ. ಫ್ಲಾಟ್ ಜೊತೆಗೆ ಕೂರುತ್ತದೆ.

ದುಡ್ಡಿನ ಲೆಕ್ಕ ಹೇಳದೆ ಬಿಟ್ಟರೆ ತಂಡದ ಯಜಮಾನರು ಈ ಲೇಖನ ಓದುವುದಿಲ್ಲ. ಫ್ಲಾಟ್ ಸೆಟ್ಟಿನ ಬೆಲೆ ರೌಂಡ್‌ನ ದುಪ್ಪಟ್ಟಿನ ಆಚೀಚೆ, ಒಪ್ಪಿದೆ. ಆದರೆ ರೌಂಡ್ ತಂತಿಯ ಸುತ್ತುಗಳ ನಡುವಿನ ಸಂದಿಯಲ್ಲಿ ಬೆವರು, ಸತ್ತ ಚರ್ಮ, ಜಾತ್ರೆಯ ಧೂಳು ತುಂಬಿಕೊಳ್ಳುತ್ತದೆ. ತುಂಬಿದ ಕಡೆ ತೂಕ ಏರುಪೇರಾಗಿ, ಸ್ವರದ ಜೊತೆ ಹುಟ್ಟುವ ಮೇಲಿನ ಅನುಸ್ವರಗಳು ಮೊದಲು ಸಾಯುತ್ತವೆ, ಆಮೇಲೆ ಮೇಲಿನ ಮನೆಗಳಲ್ಲಿ ಶ್ರುತಿಯೇ ತಪ್ಪುತ್ತದೆ. ಮಾಘದಲ್ಲಿ ತೇರುಮಲ್ಲೇಶ್ವರನ ತೇರಿನ ಹೊತ್ತಿಗೆ ಹಿರಿಯೂರಿನ ಗಾಳಿಯಲ್ಲಿ ಎಷ್ಟು ಮಣ್ಣಿರುತ್ತದೆ ಎಂದು ಅಲ್ಲಿ ನುಡಿಸಿದವರನ್ನು ಕೇಳಿ. ಒಂದು ಸೀಸನ್ನಿನಲ್ಲಿ ರೌಂಡ್ ಸತ್ತುಹೋಗುತ್ತದೆ. ಫ್ಲಾಟ್ ತಂತಿಗೆ ಧೂಳು ಹಿಡಿಯಲು ಸಂದಿಯೇ ಇಲ್ಲ, ವರ್ಷಗಟ್ಟಲೆ ಬರುತ್ತದೆ. ಉಕ್ಕಿನ ತರಿ ಕತ್ತಿನ ಮೇಲಿನ ಲೋಹದ ಫ್ರೆಟ್‌ಗಳನ್ನು ಸವೆಸುವ ಖರ್ಚನ್ನು ನಾನಿನ್ನೂ ಕೂಡಿಸಿಲ್ಲ.

“ರೌಂಡ್ ಹಾಕಿ ಟೋನ್ ಗುಂಡಿ ತಿರುಗಿಸಿದರಾಯ್ತು, ಫ್ಲಾಟ್ ಆಗುತ್ತದೆ” ಎನ್ನುವ ಮಾತು ಸೌಂಡ್‌ನವರ ಬಾಯಲ್ಲಿ ಸದಾ ಇರುತ್ತದೆ. ಆಗುವುದಿಲ್ಲ. ಗುಂಡಿ ತಿರುಗಿಸಿದರೆ ಖಣಖಣ ಕಡಿಮೆಯಾಗುತ್ತದೆ, ನಿಜ. ಆದರೆ ಮೀಟಿದ ಕ್ಷಣದ ದಪ್ಪ ಪೆಟ್ಟು, ಆಮೇಲೆ ಸ್ವರ ಬೇಗ ಕುಗ್ಗುವ ರೀತಿ, ಇವು ತಂತಿಯ ಗುಣ. ಗುಂಡಿ ಅದನ್ನು ಕೊಡುವುದಿಲ್ಲ.

ವಿರೋಧ

ಅಣ್ಣನವರು ಕೇಳುವುದು ತಮ್ಮ ಬೆನ್ನ ಹಿಂದಿನ ಆಂಪ್ಲಿಫೈಯರ್. ನಾನು ಕೇಳುವುದು ಮೈದಾನದ ಮಧ್ಯದಿಂದ. ನಮ್ಮ ಜಗಳದ ಮುಕ್ಕಾಲು ಪಾಲು ಈ ದೂರದ್ದು.

ಬೇಸಿನ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಹುಟ್ಟುವ ಮೂಲ ಕಂಪನ ಸೆಕೆಂಡಿಗೆ 41 ಬಾರಿ. ಐದು ತಂತಿಯ ಬೇಸಾದರೆ ಇನ್ನೂ ಕೆಳಗೆ, 31. ಹಳ್ಳಿಯ ಕಾರ್ಯಕ್ರಮಕ್ಕೆ ಬಾಡಿಗೆಗೆ ಬರುವ ಪೆಟ್ಟಿಗೆಗಳಲ್ಲಿ ಬಹಳಷ್ಟು ಅಷ್ಟು ಕೆಳಗಿನ ದನಿಯನ್ನು ಹೊರಗೆ ಹಾಕುವುದೇ ಇಲ್ಲ. ಕಂಬಕ್ಕೆ ಕಟ್ಟಿದ ಹಾರ್ನ್‌ಗಳ ಮಾತು ಬಿಡಿ, ಅವು ಬೇಸಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಹಾಗಾದರೆ ಜನ ಬೇಸ್ ಕೇಳುವುದು ಹೇಗೆ? ಆ ಸ್ವರದ ಜೊತೆಗೇ ಹುಟ್ಟುವ 82, 123, 164ರ ಅನುಸ್ವರಗಳಿಂದ. ಮೂಲ ಸ್ವರ ಪೆಟ್ಟಿಗೆಯಲ್ಲಿ ಬರದಿದ್ದರೂ ಅನುಸ್ವರಗಳು ಕ್ರಮವಾಗಿ ಬಂದರೆ ಸಾಕು, ಇಲ್ಲದ ಮೂಲವನ್ನು ನಮ್ಮ ಮಿದುಳೇ ತುಂಬಿಕೊಂಡು ಕೇಳುತ್ತದೆ. ಈಗ ಯೋಚಿಸಿ: ಮೇಲಿನ ಅನುಸ್ವರಗಳನ್ನು ಧಾರಾಳವಾಗಿ ಕೊಡುವ ತಂತಿ ಯಾವುದು? ರೌಂಡ್. ಅವನ್ನು ಬೇಗ ನುಂಗುವ ತಂತಿ ಯಾವುದು? ಅಣ್ಣನವರು ಹೊಗಳಿದ್ದು.

ಇದಿಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ವೇದಿಕೆಯ ಮೇಲೆ ಬೇಸ್ ಒಂಟಿಯಲ್ಲ. ರಿದಂ ಪ್ಯಾಡಿನ ಕಿಕ್, ಡೋಲಕ್ಕಿನ ಎಡಮುಖ, ಕೀಬೋರ್ಡಿನ ಎಡಗೈ, ಎಲ್ಲವೂ ಅದೇ ಕೆಳಗಿನ ಜಾಗಕ್ಕೆ ನುಗ್ಗುತ್ತವೆ. ಗಣಪತಿಯ ದಿನಗಳಲ್ಲಿ ತಮಟೆಯೋ ಡೊಳ್ಳೋ ಪಕ್ಕದಲ್ಲೇ ಇರುತ್ತದೆ. ಅಷ್ಟು ಜನರ ನಡುವೆ ಫ್ಲಾಟ್ ತಂತಿಯ ಸ್ವರ ಗುಂಯ್ ಎನ್ನುವ ಒಂದು ಮುದ್ದೆಯಾಗಿಬಿಡುತ್ತದೆ. ಬೇಸ್ ಜೋರು ಮಾಡಿ ಎಂದು ವೇದಿಕೆಯಿಂದ ಕೈಸನ್ನೆ ಬರುತ್ತದೆ, ಜೋರು ಮಾಡಿದರೆ ಮುದ್ದೆ ದೊಡ್ಡದಾಗುತ್ತದೆ, ಸ್ವರ ಮಾತ್ರ ಬಿಡಿಸಿ ಕೇಳುವುದಿಲ್ಲ. ರೌಂಡ್ ಆದರೆ ಬೆರಳು ತಂತಿಗೆ ತಾಗಿದ ಸದ್ದು ಮೇಲಿನ ಖಾಲಿ ಜಾಗದಲ್ಲಿ ಬಂದು ಕೂರುತ್ತದೆ. ‘ಇದು ಬೇಸ್, ಇಲ್ಲಿ ಸ್ವರ ಬದಲಾಯ್ತು’ ಎಂದು ಕೇಳುಗನಿಗೆ ಗೊತ್ತಾಗುವುದು ಅದರಿಂದಲೇ. ಅಣ್ಣನವರು ಬೈದ ‘ಚರ್ರ್’ ಕೂಡ ಐವತ್ತು ಅಡಿ ದೂರಕ್ಕೆ ಕೇಳುವುದಿಲ್ಲ, ಅದು ಅವರ ಕಿವಿಗೂ ಸ್ಟುಡಿಯೋ ಮೈಕಿಗೂ ಮಾತ್ರ ಸಿಗುವ ದನಿ. ಇಳಯರಾಜರ ಹಾಡುಗಳ ಆ ನಡಿಗೆಯನ್ನು ಅಷ್ಟು ಚೆನ್ನಾಗಿ ವಿವರಿಸಿದರಲ್ಲ, ಅದು ಹಿಂದಿನ ಸಾಲಿನ ಅಜ್ಜಿಗೂ ಕೇಳಬೇಕಾದರೆ ಅಂಚು ಬೇಕು.

ಟೋನ್ ಗುಂಡಿಯ ವಾದವನ್ನು ಅವರು ಅರ್ಧಕ್ಕೇ ನಿಲ್ಲಿಸಿದರು. ಗುಂಡಿಯಿಂದ ರೌಂಡ್ ಪೂರ್ತಿ ಫ್ಲಾಟ್ ಆಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಫ್ಲಾಟ್ ಅಂತೂ ಯಾವ ಗುಂಡಿ ತಿರುಗಿಸಿದರೂ ರೌಂಡ್ ಆಗುವುದಿಲ್ಲ. ತಂತಿಯಲ್ಲಿ ಇರುವುದನ್ನು ನಾನು ಮಿಕ್ಸರಿನಲ್ಲಿ ಕಡಿಯಬಲ್ಲೆ. ಇಲ್ಲದ್ದನ್ನು ಹುಟ್ಟಿಸಲು ಹೋದರೆ ಬರುವುದು ಹಿಸ್ ಮಾತ್ರ. ಒಂದೇ ರಾತ್ರಿ ಭಾವಗೀತೆಯಿಂದ ಶುರುವಾಗಿ 1987ರ ‘ಪ್ರೇಮಲೋಕ’ದ ಹಂಸಲೇಖರನ್ನು ದಾಟಿ, ಹನ್ನೊಂದು ಗಂಟೆಗೆ ರಘು ದೀಕ್ಷಿತ್ ಹಾಡಿಗೆ ಹುಡುಗರು ಕುರ್ಚಿ ಬಿಟ್ಟೇಳುವ ಕಾರ್ಯಕ್ರಮದಲ್ಲಿ ಕಡಿಯಲು ಬರುವ ತಂತಿಯೇ ಕೆಲಸಕ್ಕೆ ಬರುವುದು. ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್ ಶೈಲಿ ಫ್ಲಾಟ್ ಮೇಲೆ ಸತ್ತ ಹಾಗೆಯೇ.

ಅವರ ದೊಡ್ಡ ಸಾಕ್ಷಿ ಸ್ಟೀವ್ ಹ್ಯಾರಿಸ್. ಆತ ಫ್ಲಾಟ್ ಬಳಸುವುದು ಸತ್ಯ. ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಟ್ ಹಾಕಿಸಿಕೊಳ್ಳುವುದೂ ಅಷ್ಟೇ ಸತ್ಯ! ಹೊಸ ಫ್ಲಾಟಿಗೆ ಒಂದಿಷ್ಟು ಖಣಖಣ ಇರುತ್ತದೆ, ಬಲವಾದ ಕೈ ಅದನ್ನು ಫ್ರೆಟ್ಟಿಗೆ ಬಡಿಸಿ ಇನ್ನಷ್ಟು ತೆಗೆಯುತ್ತದೆ. ವರ್ಷಗಟ್ಟಲೆ ಬರುವ ಉಳಿತಾಯದ ತಂತಿಗೆ ಆತನನ್ನು ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಇತಿಹಾಸ ಹೇಳುವುದಾದರೆ ಪೂರ್ತಿ ಹೇಳಬೇಕು: 1960ರ ದಶಕದ ನಡುವೆ ಇಂಗ್ಲೆಂಡಿನಲ್ಲಿ ದಿ ಹೂ ತಂಡದ ಜಾನ್ ಎಂಟ್‌ವಿಸಲ್ ರೋಟೋಸೌಂಡಿನವರ ಜೊತೆ ಕೂತು ರೌಂಡ್ ತಂತಿಯನ್ನು ತಿದ್ದಿಸಿಕೊಂಡದ್ದು ತನ್ನ ಸ್ವರ ಗಿಟಾರು, ಡ್ರಮ್ಮುಗಳ ಗದ್ದಲದಲ್ಲಿ ಮುಳುಗಬಾರದೆಂದೇ. 1976ರಲ್ಲಿ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅದೇ ರೌಂಡನ್ನು ಫ್ರೆಟ್ ಕಿತ್ತ ಬೇಸಿಗೆ ಹಾಕಿ, ಮರ ಸವೆಯದಂತೆ ಎಪಾಕ್ಸಿ ಬಳಿದು, ಬೇಸ್ ಹಾಡಬಲ್ಲದು ಎಂದು ತೋರಿಸಿದ. ಜೇಮರ್ಸನ್‌ರದ್ದು ಮೈಕು, ಗೋಡೆ, ಟೇಪು ಇದ್ದ ಕೋಣೆ. ನಮ್ಮದು ಬಯಲು.

ಚೌಡಿಕೆಯ ಮಾತು ಚೆನ್ನಾಗಿದೆ, ಕೇಳಲು ನನಗೂ ಇಷ್ಟ. ಆದರೆ ತತ್ವಪದದವರ ಭುಜದ ಮೇಲಿರುವ ತಂಬೂರಿಯನ್ನು ಅವರು ಮರೆತರು. ಶಾಸ್ತ್ರೀಯದವರ ತಂಬೂರಿಯಲ್ಲಿ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ಸೇರಿಸುತ್ತಾರಲ್ಲ, ಜೀವಾಳಿ, ಅದು ಯಾತಕ್ಕೆ? ಅನುಸ್ವರ ಅರಳಲಿ ಎಂದು. ನೂಲು ಜರುಗಿದರೆ ತಂಬೂರಿ ಸತ್ತಿತು ಎನ್ನುತ್ತಾರೆ. ಅನುಸ್ವರಕ್ಕಾಗಿ ಇಷ್ಟು ಹಂಬಲಿಸುವ ಕಿವಿ ಬೇಸಿಗೆ ಬಂದಾಗ ಮಾತ್ರ ಮೊಂಡು ದನಿ ಕೇಳುತ್ತದೆ ಎಂದರೆ ಒಪ್ಪುವುದು ಕಷ್ಟ. ಗಣೆಯ ಬಗ್ಗೆ ನಾನು ವಾದಿಸುವುದಿಲ್ಲ, ಅದರ ಪಕ್ಕದಲ್ಲಿ ಯಾವ ಕರೆಂಟಿನ ವಾದ್ಯವನ್ನೂ ಇಡುವ ಧೈರ್ಯ ನನಗಿಲ್ಲ.

ಖರ್ಚಿನ ಲೆಕ್ಕದಲ್ಲಿ ಅವರಿಗೆ ಅರ್ಧ ಅಂಕ. ಫ್ಲಾಟ್ ಬಾಳಿಕೆ ಬರುತ್ತದೆ. ಆದರೆ ಅದರ ಎಳೆತ ಸಾಮಾನ್ಯವಾಗಿ ಹೆಚ್ಚು. 0.045–0.105 ಇಂಚಿನ ಸಾಧಾರಣ ರೌಂಡ್ ತೆಗೆದು ಜೇಮರ್ಸನ್‌ರಂತೆ ದಪ್ಪ ಫ್ಲಾಟ್ ಹಾಕಿದರೆ ಕತ್ತು ಬಾಗುತ್ತದೆ, ಕತ್ತಿನ ತುದಿಯ ನಟ್ಟಿನ ಕೊರೆತ ಸಾಲುವುದಿಲ್ಲ, ಕತ್ತಿನೊಳಗಿನ ಟ್ರಸ್ ರಾಡ್ ತಿರುಗಿಸಬೇಕು. ಅದನ್ನು ಹದವರಿತು ತಿರುಗಿಸುವ ಕೈ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಹೊಳಲ್ಕೆರೆಯಲ್ಲಿ ಸಂಜೆ ಕಾರ್ಯಕ್ರಮ, ಮಧ್ಯಾಹ್ನ ತಂತಿ ಹೋಯಿತು ಎನ್ನಿ. ಬೇರೆ ತಂಡದವರ ಚೀಲದಲ್ಲಿ ಸಿಗುವುದು ರೌಂಡ್ ತಂತಿಯೇ. ಸತ್ತ ರೌಂಡ್ ತಂತಿಯನ್ನು ಬಿಚ್ಚಿ ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದರೆ ಸಂದಿಯ ಕೊಳೆ ಬಿಟ್ಟು ಕೆಲವು ದಿನ ಮತ್ತೆ ಮಾತಾಡುತ್ತದೆ, ಇದು ಬಡ ತಂಡಗಳ ಹಳೇ ಉಪಾಯ. ಧೂಳಿಗೆ ಹೆದರುವವರಿಗೆ ಸಂದಿ ಮುಚ್ಚುವ ಪದರ ಹಾಕಿದ ರೌಂಡ್ ಕೂಡ ಬಂದಿದೆ. ತರಿಯನ್ನು ಅರ್ಧ ಉಜ್ಜಿ ನುಣುಪು ಮಾಡಿದ ಹಾಫ್‌ರೌಂಡ್ ಎನ್ನುವುದೂ ಒಂದಿದೆ. ಎರಡೂ ಕಡೆಯ ಗುಣ ಕೊಡುತ್ತದೆ ಎನ್ನುತ್ತಾರೆ, ನನಗೆ ಎರಡೂ ಕಡೆಯದ್ದು ಸ್ವಲ್ಪ ಸ್ವಲ್ಪ ಕಳೆದುಹೋದ ಹಾಗೆ ಕೇಳಿಸುತ್ತದೆ.

ಒಂದು ಜಾಗ ಬಿಟ್ಟುಕೊಡುತ್ತೇನೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ, ಶಿವಸಂಚಾರ ನಾಟಕ ತಂಡದವರ ಊರಿನಲ್ಲಿ, ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ. ಮೆಟ್ಟಿಲುಗಳ ಮೇಲೆ ಕೂತ ಜನ ವಚನ ಕೇಳಲು, ನಾಟಕ ನೋಡಲು ಬಂದವರು, ಸುಮ್ಮನೆ ಕೂರುತ್ತಾರೆ. ಹಾರ್ಮೋನಿಯಂ, ತಬಲ, ಒಂದು ಕಂಠ, ಹಿತಮಿತ ಸೌಂಡು. ಅಂಥಲ್ಲಿ ಬೇಸ್ ಬೇಕೆಂದರೆ ಅಣ್ಣನವರು ಫ್ಲಾಟ್ ಹಾಕಿಕೊಂಡೇ ಬರಲಿ, ನಾನು ಮಿಕ್ಸರಿನಲ್ಲಿ ಒಂದು ಗುಂಡಿಯನ್ನೂ ಮುಟ್ಟುವುದಿಲ್ಲ. ಹಿರಿಯೂರಿನ ತೇರಿಗೋ ದುರ್ಗದ ಗಣಪತಿಗೋ ಬರುವಾಗ ಮಾತ್ರ ರೌಂಡ್ ಹಾಕಿದ ಎರಡನೆಯ ಬೇಸ್ ತರಲಿ. ಅಗ್ಗದ್ದಾದರೂ ಆದೀತು. ಇರುವ ಒಂದರಲ್ಲೇ ಫ್ಲಾಟ್ ಬಿಚ್ಚಿ ರೌಂಡ್ ಹಾಕುತ್ತೇನೆ, ನಾಳೆ ಮತ್ತೆ ಬದಲಿಸುತ್ತೇನೆ ಎಂದು ಹೊರಟರೆ ಬಿರಡೆಯ ಹತ್ತಿರ ಒಮ್ಮೆ ಮಡಿಸಿದ ಫ್ಲಾಟ್ ಅಲ್ಲೇ ಮುರಿಯಬಹುದು. ಹೊಸ ರೌಂಡ್ ಎಳೆದು ಶ್ರುತಿಯಲ್ಲಿ ನಿಲ್ಲಲು ಒಂದೆರಡು ಗಂಟೆ ಬೇಕು, ಸ್ವಾಗತ ಭಾಷಣ ಶುರುವಾದ ಮೇಲೆ ಟ್ಯೂನ್ ಮಾಡಲು ನಿರೂಪಕರು ಬಿಡುವುದಿಲ್ಲ.