ಬೆಲ್ಲವಿಲ್ಲದ ಹೋಳಿಗೆ

ಮಧುಚಂದ್ರಕ್ಕೆಂದು ಮಾರಿಷಸ್ ದ್ವೀಪಕ್ಕೆ ತೆರಳುವ ನವದಂಪತಿಗಳು ಕಡಲತೀರ ಬಿಟ್ಟು ಕದಲುವುದು ಅಪರೂಪ. ಹೆಚ್ಚೆಂದರೆ ಶಾಮರೆಲ್‌ನ ಏಳು ಬಣ್ಣದ ಮಣ್ಣುದಿಬ್ಬಗಳನ್ನು ನೋಡಿ ಬರುತ್ತಾರೆ. ನಮ್ಮ ಬಂಧುಗಳ ಪೈಕಿ ಈಚೆಗೆ ಹೋಗಿಬಂದ ಜೋಡಿಯೊಂದು ಮಾತ್ರ ಒಂದಿಡೀ ಹಗಲನ್ನು ರಾಜಧಾನಿ ಪೋರ್ಟ್ ಲೂಯಿಗೆ ಮೀಸಲಿಟ್ಟಿತು.

ಅಲ್ಲಿ ಬೀದಿಬದಿಯಲ್ಲಿ ಮಾರುವ ದಾಲ್‌ಪೂರಿಯನ್ನು ಕಂಡರೆ ನಾವು ಹೋಳಿಗೆಯೆಂದೇ ಭ್ರಮಿಸಿಯೇವು. ಬೇಯಿಸಿ ಪುಡಿಮಾಡಿದ ಬೇಳೆಯನ್ನು ಕಣಕದಲ್ಲಿ ತುಂಬಿ, ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಸುಡುತ್ತಾರೆ. ಬೆಲ್ಲವಿಲ್ಲ, ಅರಶಿನ, ಜೀರಿಗೆ ಉಂಟು. ಮೇಲೆ ದಪ್ಪ ಅವರೆಯ ಗಸಿ, ಟೊಮೆಟೊ ಗೊಜ್ಜು, ಚಟ್ನಿ. ಎರಡೆರಡಾಗಿ ಕೊಡುವುದೇ ಅಲ್ಲಿಯ ವಾಡಿಕೆ. ನವದಂಪತಿಗಳಿಗೆ ಇದಕ್ಕಿಂತ ತಕ್ಕ ತಿನಿಸು ಬೇರೇನಿದೆ!

ಈ ತಿನಿಸು ಬಂದ ದಾರಿಯೂ ಅದೇ ಊರಿನಲ್ಲಿದೆ. ಬಂದರಿನ ದಡದ ಅಪ್ರವಾಸಿ ಘಾಟ್ 2006ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. 1834ರಿಂದ ಕಬ್ಬಿನ ತೋಟಗಳ ದುಡಿಮೆಗಾಗಿ ಕರಾರಿನ ಮೇಲೆ ಹಡಗೇರಿ ಬಂದ ಭಾರತೀಯರನ್ನು ನೆನೆಯುವ ಸ್ಥಳವಿದು. ಅವರಲ್ಲಿ ಬಿಹಾರದ ಕಡೆಯ ಭೋಜಪುರಿ ನುಡಿಯವರು ಬಹಳ.

2000ದ ಜನಗಣತಿಯಲ್ಲಿ ನೂರಕ್ಕೆ ಸುಮಾರು 12 ಮಂದಿಯ ಮನೆಮಾತಾಗಿದ್ದ ಭೋಜಪುರಿ, 2011ರಲ್ಲಿ 5ಕ್ಕೆ ಇಳಿದಿತ್ತು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ನಾವು ತುಸು ಹೊತ್ತು ನಿಲ್ಲಬೇಕಾದುದು ಈ ಅಂಕಿಗಳೆದುರು. ದಾಲ್‌ಪೂರಿ ಮಾರುವಾತ ಈ ದಂಪತಿಗಳೊಡನೆ ನಗುನಗುತ್ತ ಆಡಿದ್ದು ಕ್ರಿಯೋಲ್. ತಿನಿಸಿನ ಹೆಸರಷ್ಟೇ ಅಜ್ಜಂದಿರ ನುಡಿಯದು.