ಮುಳುಗಿದ ಸೇತುವೆಯಿಂದ ಮರಳುವುದೂ ತವಕ್ಕುಲ್

ಮಳೆಯು ಅಲ್ಲಾಹನ ಅನುಗ್ರಹ. ಸತ್ತ ನೆಲಕ್ಕೆ ಮರಳಿ ಜೀವ ನೀಡುವ ಅವನ ದೃಷ್ಟಾಂತವಾಗಿ ಪವಿತ್ರ ಕುರ್‌ಆನ್ ಅದನ್ನು ಹಲವೆಡೆ ನೆನಪಿಸುತ್ತದೆ. ಆದರೆ ಅನುಗ್ರಹದ ಇದೇ ಕಾಲದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡದ ಜನರಿಗೆ ಒಂದು ಪರೀಕ್ಷೆಯೂ ಎದುರಾಗುತ್ತದೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ತುಂಬಿ ಹರಿದಾಗ ಕಲ್ಲೋಳ-ಯಡೂರ, ಕಾರದಗಾ-ಭೋಜ, ಅಕ್ಕೋಳ-ಸಿದ್ನಾಳ, ಜತ್ರಾಟ-ಭೀವಶಿ ಸೇತುವೆಗಳು ನೀರಿನಡಿ ಸೇರುತ್ತವೆ. ಎದುರು ದಡದ ಊರು ಕಣ್ಣಿಗೆ ಕಾಣುತ್ತಿದ್ದರೂ ಸುತ್ತುದಾರಿ ಹಲವು ಮೈಲಿಯಾಗುತ್ತದೆ. ಆಗ ದಡದಲ್ಲಿ ನಿಂತ ಸವಾರನ ಮುಂದಿರುವ ಪ್ರಶ್ನೆ ಒಂದೇ: ದಾಟುವುದೋ, ಮರಳುವುದೋ?

ಇವು ಸೇತುವೆ ಸಹಿತ ಬಾಂದಾರಗಳು. ಬೇಸಿಗೆಗೆ ನೀರು ನಿಲ್ಲಿಸಲೆಂದು ತಗ್ಗಾಗಿ ಕಟ್ಟಿದವು. ಪ್ರವಾಹ ಬಂದಾಗ ನೀರು ಇವುಗಳ ಮೇಲೆಯೇ ಹರಿಯುತ್ತದೆ. ಮೇಲಾಗಿ, ನಮ್ಮ ನದಿಗಳನ್ನು ತುಂಬಿಸುವ ಮಳೆ ಸುರಿಯುವುದು ಮುಖ್ಯವಾಗಿ ಮಹಾರಾಷ್ಟ್ರದ ಘಟ್ಟಪ್ರದೇಶದಲ್ಲಿ. ಇಲ್ಲಿ ಬಿಸಿಲಿದ್ದರೂ ಇಲ್ಲಿನ ನದಿ ಏರುತ್ತಿರಬಹುದು. ಆದ್ದರಿಂದ ಆಕಾಶವನ್ನು ನೋಡಿ ಧೈರ್ಯ ತಂದುಕೊಳ್ಳುವುದು, ನಿನ್ನೆ ದಾಟಿದ್ದೆನೆಂದು ಇಂದು ಇಳಿಯುವುದು ವಿವೇಕವಲ್ಲ. 2019ರ ಆಗಸ್ಟ್‌ನಲ್ಲಿ, ಪುನಃ 2021ರ ಜುಲೈನಲ್ಲಿ, ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನೇ ಮುಚ್ಚಬೇಕಾಯಿತು. ಹೆದ್ದಾರಿಯನ್ನು ತಡೆದ ನೀರಿನ ಮುಂದೆ ಒಂದು ಬೈಕಿನ ಬಲವೆಷ್ಟು?

ರಭಸವಾಗಿ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಇದ್ದರೂ ವಯಸ್ಕನ ಕಾಲು ಜಾರಿಸಬಲ್ಲದು. 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ಒಯ್ಯಬಲ್ಲದು. 60 ಸೆಂಟಿಮೀಟರ್ ನೀರಿನಲ್ಲಿ ದೊಡ್ಡ ವಾಹನಗಳೂ ತೇಲಿಹೋಗಬಲ್ಲವು. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ತಿಳಿಯದು.

ಇಷ್ಟು ಹೇಳಿದರೂ ಕೆಲವರಿಂದ ಬರುವ ಉತ್ತರ: “ಅಲ್ಲಾಹನು ಬರೆದದ್ದು ತಪ್ಪುವುದಿಲ್ಲ.” ಮಾತು ಸತ್ಯ, ಅದನ್ನು ಬಳಸಿದ ಜಾಗ ತಪ್ಪು. ಒಂಟೆಯನ್ನು ಕಟ್ಟದೆ ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿವರ್ಯರು(ಸ) ಮೊದಲು ಕಟ್ಟಲು, ಅನಂತರ ಭರವಸೆಯಿಡಲು ಕಲಿಸಿದರು. ಸಿರಿಯಾದತ್ತ ಹೊರಟಿದ್ದ ಹಝ್ರತ್ ಉಮರ್(ರ) ಅಲ್ಲಿ ಪ್ಲೇಗ್ ಹರಡಿರುವುದನ್ನು ತಿಳಿದು ಸರ್ಗ್ ಎಂಬಲ್ಲಿಂದ ಹಿಂತಿರುಗಿದರು. ಇದು ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟರು. ಮುಳುಗಿದ ಸೇತುವೆಯಿಂದ ಮರಳುವವನು ಈ ಮಾದರಿಯನ್ನೇ ಅನುಸರಿಸುತ್ತಾನೆ.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಮಳೆ ಸುರಿದ ಒಂದು ಶುಕ್ರವಾರ ಇಬ್ನು ಅಬ್ಬಾಸ್(ರ) ಅವರು, ನಮಾಝಿಗೆ ಬನ್ನಿ ಎಂಬ ಕರೆಯ ಬದಲು ಮನೆಗಳಲ್ಲೇ ನಮಾಝ್ ಮಾಡಿರಿ ಎಂದು ಸಾರಲು ಮುಅದ್ದಿನರಿಗೆ ತಿಳಿಸಿದರು. ಜನರು ಕೆಸರಿನಲ್ಲಿ ಜಾರುತ್ತ ಬರುವುದು ಅವರಿಗೆ ಇಷ್ಟವಿರಲಿಲ್ಲ. ಜುಮುಅದಂತಹ ಕಡ್ಡಾಯ ಕರ್ತವ್ಯದಲ್ಲೇ ಶರೀಅತ್ ರಿಯಾಯಿತಿ ನೀಡಿರುವಾಗ, ಮದುವೆಯ ಊಟಕ್ಕೋ ಸಂತೆಯ ವ್ಯಾಪಾರಕ್ಕೋ ಮಡದಿ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಪ್ರವಾಹಕ್ಕೆ ಇಳಿಯಲು ಯಾವ ನೆಪವಿದೆ?

ಸೇತುವೆ ಮಾತ್ರವಲ್ಲ, ಒದ್ದೆಯಾದ ರಸ್ತೆಯೂ ಒಂದು ಅಮಾನತ್ತು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ವಾಹನ ಕ್ರಮಿಸುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ನೆಲ ಒದ್ದೆಯಾದರೆ ಅದು ಇನ್ನೂ ಹೆಚ್ಚು. ಸವೆದ ಟಯರ್, ಉರಿಯದ ದೀಪ, ಮುಂದಿನ ವಾಹನಕ್ಕೆ ಅಂಟಿಕೊಂಡ ಓಟ ಇವು ಇತರರ ಪ್ರಾಣದ ಹಕ್ಕಿಗೆ ಸಂಬಂಧಿಸಿದವು. ಹಿಂಗಾರು ಮಳೆಯ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳ ಗಾಲಿಯಿಂದ ಹೊಲದ ಎರೆಮಣ್ಣು ಡಾಂಬರಿಗೆ ಬಂದು ಬೀಳುತ್ತದೆ. ಒಂದು ತುಂತುರು ಸಾಕು, ಅದು ಸಾಬೂನಿನಂತೆ ಜಾರುತ್ತದೆ. ದಾರಿಯಿಂದ ಹಾನಿಕರ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಹದೀಸ್ ಕಲಿಸಿರುವಾಗ, ಹೊಲದ ತಿರುವಿನಲ್ಲಿ ಆ ಕೆಸರನ್ನು ಕೆರೆದು ತೆಗೆಯುವ ರೈತನ ಸಲಿಕೆಯೂ ಪುಣ್ಯದ ಸಾಧನವೇ. ಟ್ರೇಲರಿನ ಹಿಂದೆ ಪ್ರತಿಫಲಕ ಅಂಟಿಸುವುದೂ ಹಾಗೆಯೇ.

ನಮ್ಮ ಮಸೀದಿಗಳು ಇದರಲ್ಲಿ ಮುಂದಾಗಬೇಕು. ನಿಧನವಾರ್ತೆ ಸಾರುವ ಧ್ವನಿವರ್ಧಕವು ಯಾವ ಸೇತುವೆ ಮುಚ್ಚಿದೆ ಎಂಬುದನ್ನೂ ಸಾರಲಿ. ಮಳೆಗಾಲದ ಒಂದು ಖುತುಬಾ ರಸ್ತೆಯ ಹಕ್ಕುಗಳ ಬಗ್ಗೆ ಇರಲಿ. ನದಿಯಾಚೆಯಿಂದ ಬರುವ ಮಕ್ಕಳು ಅಂದು ಗೈರಾದರೆ ಮದ್ರಸಾದ ಉಸ್ತಾದರು ಗದರಿಸದಿರಲಿ. ನೆಂಟರು ತಡವಾಗಿ ಬಂದರೆ, ಬಾರದೆಯೇ ಹೋದರೆ, ಮದುವೆ ಮನೆಯವರು ಮುನಿಸಿಕೊಳ್ಳದಿರಲಿ. ಅವಸರಪಡಿಸುವ ನಾವು ಸಹ ಆ ಅಪಾಯದ ಪಾಲುದಾರರು.

ಒಂದು ಜೀವವನ್ನು ಉಳಿಸುವುದು ಸಕಲ ಮಾನವರನ್ನು ಉಳಿಸಿದಂತೆ ಎಂದು ನಂಬುವ ಸಮುದಾಯ ನಾವು. ಉಳಿಸಬೇಕಾದ ಆ ಜೀವ ಕೆಲವೊಮ್ಮೆ ನಮ್ಮದೇ ಆಗಿರುತ್ತದೆ. ಅಲ್ಲಾಹನು ನಮಗೆ ವಿವೇಕವನ್ನೂ, ಮರಳುವ ಧೈರ್ಯವನ್ನೂ ಕರುಣಿಸಲಿ. ಆಮೀನ್.